ಪೋಲಾರ್ ರೂಪದ ವೆಕ್ಟರ್‌ಗಳನ್ನು ಕೂಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮತ್ತು ಡಿಪ್ಲೊಮಾ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುತ್ತೇನೆ. ಪ್ರತಿ ವರ್ಷ ಮಕ್ಕಳು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಅವೇ ಬರುತ್ತವೆ. ವೈರಿಂಗ್ ಕೆಲಸ ಮಾಡುವವರು, ಪ್ರೋಗ್ರಾಂ ಬರೆಯುವವರು ಕೂಡ ಕೇಳಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಪಠ್ಯಪುಸ್ತಕ 'ಸದಿಶ' ಅನ್ನುವುದನ್ನು, ಅಂದರೆ ಉದ್ದವೂ ದಿಕ್ಕೂ ಎರಡೂ ಇರುವುದನ್ನು, ನಾನು ಎಲ್ಲರೂ ಅನ್ನುವಂತೆ ವೆಕ್ಟರ್ ಅಂತಲೇ ಬರೆಯುತ್ತೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲ ಹೆಜ್ಜೆ

5∠30° ಅಂತ ಬರೆದಿರ್ತಾರಲ್ಲ, ಅದರ ಅರ್ಥ ಏನು?

ಉದ್ದ 5, ದಿಕ್ಕು 30 ಡಿಗ್ರಿ ಅಂತ. ಬಲಗಡೆಗೆ ಹೋಗುವ ಅಡ್ಡ ಗೆರೆಯನ್ನು ಸೊನ್ನೆ ಡಿಗ್ರಿ ಅಂತ ಇಟ್ಟುಕೊಂಡು, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತಾ ಕೋನ ಅಳೆಯುತ್ತೇವೆ.

ಯಾರಾದರೂ ದಾರಿ ಕೇಳಿದರೆ ನಾವು ಎರಡು ತರ ಹೇಳಬಹುದು. 'ಅಗೋ ಆ ಟ್ಯಾಂಕ್ ಕಡೆ ಮುಖ ಮಾಡಿ ನೂರು ಹೆಜ್ಜೆ ಹೋಗಿ' ಅನ್ನುವುದು ಒಂದು. 'ಎರಡು ಬೀದಿ ಪೂರ್ವಕ್ಕೆ ಹೋಗಿ, ಆಮೇಲೆ ಒಂದು ಬೀದಿ ಉತ್ತರಕ್ಕೆ' ಅನ್ನುವುದು ಇನ್ನೊಂದು. ಮೊದಲನೆಯದು ಪೋಲಾರ್ ರೂಪ, ಎರಡನೆಯದು ಅಡ್ಡ ಮತ್ತು ಲಂಬ ಭಾಗಗಳ ರೂಪ. ತಲುಪುವ ಜಾಗ ಒಂದೇ.

ಉದ್ದಕ್ಕೆ ಉದ್ದ, ಕೋನಕ್ಕೆ ಕೋನ ಕೂಡಿದ್ರೆ ಆಯ್ತಲ್ವಾ? ಯಾಕೆ ತಪ್ಪು?

ಎಲ್ಲರೂ ಮೊದಲು ಮಾಡುವುದು ಇದನ್ನೇ. ಹಾಗಾಗಿ ನಿಧಾನವಾಗಿ ನೋಡೋಣ.

ಊರ ತೇರಿಗೆ ಎರಡು ಹಗ್ಗ ಕಟ್ಟಿದ್ದಾರೆ ಅಂದುಕೊಳ್ಳಿ. ಮೇಲಿಂದ ನೋಡಿದ ನಕ್ಷೆಯಲ್ಲಿ ತೇರು ಹೋಗಬೇಕಾದ್ದು ಮೇಲಕ್ಕೆ, ಅಂದರೆ 90 ಡಿಗ್ರಿ ಕಡೆಗೆ. ಒಂದು ಗುಂಪು 5∠30° ರಂತೆ ಬಲಕ್ಕೆ ಓರೆಯಾಗಿ ಎಳೆಯುತ್ತಿದೆ. ಇನ್ನೊಂದು 4∠150° ರಂತೆ ಎಡಕ್ಕೆ ಓರೆಯಾಗಿ ಎಳೆಯುತ್ತಿದೆ. ಸುಮ್ನೆ ಕೂಡಿದರೆ 9∠180° ಬರುತ್ತದೆ. ಅಂದರೆ ತೇರು ನೇರ ಎಡಕ್ಕೆ ಹೋಗಬೇಕು. ಆದರೆ ಎರಡು ಗುಂಪೂ ಮುಂದಕ್ಕೆ ಎಳೆಯುತ್ತಿವೆ. ಬಲಗಡೆಯವರ ಕೈಯೇ ಜೋರಾಗಿದೆ. ಅಂಥ ತೇರು ಒಂದಿಷ್ಟೂ ಮುಂದೆ ಹೋಗದೆ ಪೂರಾ ಎಡಕ್ಕೆ ಹೋಗಲು ಸಾಧ್ಯವಾ?

ಉದ್ದವೂ ಕೋನವೂ ಬೇರೆ ಬೇರೆ ನಿಲ್ಲುವ ಸಂಖ್ಯೆಗಳಲ್ಲ. ಎರಡು ಬಲಗಳ ನಡುವಿನ ಕೋನವೇ ಅವು ಎಷ್ಟು ಕೂಡಿ ಕೆಲಸ ಮಾಡುತ್ತವೆ, ಎಷ್ಟು ಒಂದನ್ನೊಂದು ತಿನ್ನುತ್ತವೆ ಅಂತ ತೀರ್ಮಾನಿಸುತ್ತದೆ. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಮಾತ್ರ ಉದ್ದಗಳನ್ನು ನೇರವಾಗಿ ಕೂಡಬಹುದು. ಆಗಲೂ ಕೋನ ಕೂಡುವಂತಿಲ್ಲ. 5∠30° ಕ್ಕೆ 4∠30° ಸೇರಿಸಿದರೆ 9∠30°, 9∠60° ಅಲ್ಲ.

ಹಾಗಾದ್ರೆ ಸರಿಯಾದ ದಾರಿ ಯಾವುದು? ಒಂದು ಲೆಕ್ಕ ಪೂರ್ತಿ ಮಾಡಿ ತೋರಿಸಿ.

ಅದೇ ತೇರಿನ ಲೆಕ್ಕ ಮಾಡೋಣ. ಒಂದೊಂದು ವೆಕ್ಟರನ್ನೂ ಅಡ್ಡ ಭಾಗ, ಲಂಬ ಭಾಗ ಅಂತ ಬಿಡಿಸಬೇಕು. ಅಡ್ಡಕ್ಕೆ ಅಡ್ಡ, ಲಂಬಕ್ಕೆ ಲಂಬ ಕೂಡಬೇಕು. ಕೊನೆಗೆ ಮತ್ತೆ ಉದ್ದ ಮತ್ತು ಕೋನಕ್ಕೆ ತರಬೇಕು.

ಅಡ್ಡ ಭಾಗ = ಉದ್ದ × ಕಾಸ್(ಕೋನ)
ಲಂಬ ಭಾಗ = ಉದ್ದ × ಸೈನ್(ಕೋನ)

5∠30° ರಲ್ಲಿ ಅಡ್ಡ 5 × 0.866 = 4.330, ಲಂಬ 5 × 0.5 = 2.5.
4∠150° ರಲ್ಲಿ ಅಡ್ಡ 4 × (−0.866) = −3.464, ಲಂಬ 4 × 0.5 = 2.

ಕೂಡಿದರೆ ಅಡ್ಡ 0.866, ಲಂಬ 4.5.

ಉದ್ದ = ವರ್ಗಮೂಲ(0.866² + 4.5²) = ವರ್ಗಮೂಲ(0.75 + 20.25) = ವರ್ಗಮೂಲ(21) = 4.58
ಕೋನ = ಟ್ಯಾನ್ ಇನ್‌ವರ್ಸ್(4.5 ÷ 0.866) = 79.1°

ಉತ್ತರ 4.58∠79.1°. ಈಗ ತೇರಿನ ಕಡೆ ನೋಡಿ. ಅದು ಮುಂದಕ್ಕೇ ಹೋಗುತ್ತಿದೆ, ಜೋರಾಗಿ ಎಳೆಯುವವರ ಕಡೆಗೆ ಚೂರು ವಾಲಿದೆ. ನೋಡಿದವರು ಒಪ್ಪುವ ಉತ್ತರ ಇದು.

ಚಿತ್ರ ಬರೆಯಲೇಬೇಕಾ? ಸೂತ್ರ ಹಾಕಿದ್ರೆ ಸಾಕಲ್ವಾ?

ಬರೆಯಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಗ್ರಾಫ್ ಹಾಳೆ, ಸ್ಕೇಲು, ಕೋನಮಾಪಕ ಇದ್ದರೆ ಎರಡು ನಿಮಿಷದ ಕೆಲಸ. ಮೊದಲು 5 ಸೆಂಟಿಮೀಟರ್ ಗೆರೆಯನ್ನು 30 ಡಿಗ್ರಿಗೆ ಎಳೆಯಿರಿ. ಅದರ ತುದಿಯಿಂದ 4 ಸೆಂಟಿಮೀಟರ್ ಗೆರೆಯನ್ನು 150 ಡಿಗ್ರಿಗೆ ಎಳೆಯಿರಿ. ಶುರುವಾದ ಚುಕ್ಕೆಯಿಂದ ಕೊನೆಯ ತುದಿಗೆ ಗೆರೆ ಹಾಕಿ ಅಳೆದರೆ ಸುಮಾರು 4.6 ಸೆಂಟಿಮೀಟರ್, ಕೋನ 79 ಡಿಗ್ರಿ ಸಿಗುತ್ತದೆ.

ಪರೀಕ್ಷೆಯಲ್ಲಿ ಅಳೆಯುವಷ್ಟು ಹೊತ್ತಿಲ್ಲದಿದ್ದರೆ ಕೈಯಲ್ಲೇ ಒಂದು ಸಣ್ಣ ಚಿತ್ರ ಹಾಕಿ. ಉತ್ತರ ಯಾವ ಕಡೆ ಮುಖ ಮಾಡಿರಬೇಕು ಅಂತ ಗೊತ್ತಾದರೆ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಇನ್ನೊಂದು ಪರೀಕ್ಷೆಯೂ ಇದೆ: ಎರಡು ವೆಕ್ಟರ್‌ಗಳ ಮೊತ್ತದ ಉದ್ದ ಅವುಗಳ ಉದ್ದಗಳ ಮೊತ್ತಕ್ಕಿಂತ ಜಾಸ್ತಿ ಆಗುವುದಿಲ್ಲ, ವ್ಯತ್ಯಾಸಕ್ಕಿಂತ ಕಮ್ಮಿಯೂ ಆಗುವುದಿಲ್ಲ. 5 ಮತ್ತು 4 ಕೂಡಿದರೆ 1 ರಿಂದ 9 ರ ಒಳಗೇ ಬರಬೇಕು.

ಕಾಸ್ ಯಾವುದಕ್ಕೆ, ಸೈನ್ ಯಾವುದಕ್ಕೆ ಅಂತ ಪ್ರತಿ ಸಲ ಗೊಂದಲ ಆಗುತ್ತೆ.

'ಅಡ್ಡಕ್ಕೆ ಕಾಸ್' ಅಂತ ಬಾಯಿಪಾಠ ಮಾಡಬೇಡಿ. ಕೋನವನ್ನು ಯಾವ ಗೆರೆಯಿಂದ ಅಳೆದಿದ್ದಾರೋ ಆ ಗೆರೆಯ ಮೇಲಿನ ಭಾಗಕ್ಕೆ ಕಾಸ್, ಇನ್ನೊಂದಕ್ಕೆ ಸೈನ್. ಕೋನವನ್ನು ನೆಟ್ಟಗಿನ ಗೆರೆಯಿಂದ ಅಳೆದಿದ್ದರೆ ಲಂಬ ಭಾಗಕ್ಕೇ ಕಾಸ್ ಬರುತ್ತದೆ. ಇಳಿಜಾರಿನ ಲೆಕ್ಕದಲ್ಲಿ ಜಾರುವ ದಿಕ್ಕಿನ ಬಲಕ್ಕೆ ಸೈನ್ ಯಾಕೆ ಅನ್ನುವ ಪ್ರಶ್ನೆಗೂ ಇದೇ ಉತ್ತರ. ಅಲ್ಲಿ ತೂಕಕ್ಕೂ ಇಳಿಜಾರಿಗೆ ಲಂಬವಾದ ಗೆರೆಗೂ ನಡುವೆ ಆ ಕೋನ ಇರುತ್ತದೆ.

## ಎಡವುವ ಜಾಗಗಳು

ಕ್ಯಾಲ್ಕುಲೇಟರ್ 1.6° ಅನ್ನುತ್ತೆ, ಉತ್ತರಪಟ್ಟಿಯಲ್ಲಿ 181.6° ಇದೆ. ಯಾವುದು ಸರಿ?

ಉತ್ತರಪಟ್ಟಿ ಸರಿ. ಕ್ಯಾಲ್ಕುಲೇಟರ್ ತಪ್ಪು ಹೇಳಲಿಲ್ಲ, ಅದಕ್ಕೆ ಪೂರ್ತಿ ಮಾಹಿತಿ ಹೋಗಲಿಲ್ಲ.

ಲೆಕ್ಕ 3∠150° + 5∠200° ಅಂತ ಇಟ್ಟುಕೊಳ್ಳಿ. ಅಡ್ಡ ಭಾಗಗಳು −2.598 ಮತ್ತು −4.698, ಮೊತ್ತ −7.296. ಲಂಬ ಭಾಗಗಳು 1.5 ಮತ್ತು −1.710, ಮೊತ್ತ −0.210. ಈಗ −0.210 ನ್ನು −7.296 ರಿಂದ ಭಾಗಿಸಿದ ಕೂಡಲೇ ಎರಡು ಮೈನಸ್ ಹೊಡೆದುಹೋಗಿ 0.0288 ಉಳಿಯಿತು. ಮೈನಸ್‌ಗಳ ಜೊತೆ ದಿಕ್ಕಿನ ಸುದ್ದಿಯೂ ಹೋಯಿತು. ಟ್ಯಾನ್ ಇನ್‌ವರ್ಸ್ ಯಾವಾಗಲೂ −90 ರಿಂದ 90 ರ ಒಳಗೇ ಉತ್ತರ ಕೊಡುತ್ತದೆ. ಅಂದರೆ ಬಲಗಡೆಯ ಅರ್ಧ ಮಾತ್ರ ಅದಕ್ಕೆ ಗೊತ್ತು.

ನಿಯಮ ಇಷ್ಟೇ: ಅಡ್ಡ ಭಾಗ ಮೈನಸ್ ಆಗಿದ್ದರೆ ಕ್ಯಾಲ್ಕುಲೇಟರ್ ಕೊಟ್ಟ ಕೋನಕ್ಕೆ 180 ಸೇರಿಸಿ. ಪ್ಲಸ್ ಆಗಿದ್ದರೆ ಹಾಗೇ ಬಿಡಿ. ಇಲ್ಲಿ ಉತ್ತರ 7.30∠181.6°. ಇದನ್ನೇ 7.30∠−178.4° ಅಂತ ಬರೆದರೂ ಸರಿ, ಎರಡೂ ಒಂದೇ ದಿಕ್ಕು.

ಎಲ್ಲಾ ಸರಿ ಮಾಡಿದ್ರೂ ಉತ್ತರ ಎಲ್ಲೋ ಹೋಗ್ತಿದೆ ಸರ್, ಏನ್ ಮಾಡ್ಲಿ?

ಮೊದಲು ಸೈನ್ 30 ಒತ್ತಿ ನೋಡಿ. 0.5 ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ. −0.988 ಬಂದರೆ ರೇಡಿಯನ್‌ನಲ್ಲಿದೆ. 0.454 ಬಂದರೆ ಗ್ರೇಡ್ ಅನ್ನುವ ಮೂರನೇ ಅಳತೆಯಲ್ಲಿದೆ. ಈ ಒಂದು ಗುಂಡಿಯಿಂದ ಎಷ್ಟೋ ಮಕ್ಕಳ ಅಳು ನಿಂತಿದ್ದನ್ನು ನೋಡಿದ್ದೇನೆ.

ಕಾಸ್ ಸೂತ್ರದಲ್ಲಿ ಒಂದು ಪುಸ್ತಕ ಪ್ಲಸ್ ಹಾಕಿದೆ, ಇನ್ನೊಂದು ಮೈನಸ್ ಹಾಕಿದೆ. ಯಾವುದನ್ನು ನಂಬಲಿ?

ಎರಡನ್ನೂ ನಂಬಿ. ಸೂತ್ರ ಇದು: ಮೊತ್ತದ ಉದ್ದದ ವರ್ಗ = ಎರಡು ಉದ್ದಗಳ ವರ್ಗಗಳ ಮೊತ್ತ ± 2 × ಒಂದರ ಉದ್ದ × ಇನ್ನೊಂದರ ಉದ್ದ × ಕಾಸ್(ಕೋನ). ಅವೆರಡೂ ಬೇರೆ ಬೇರೆ ಕೋನದ ಬಗ್ಗೆ ಮಾತಾಡುತ್ತಿವೆ.

ಎರಡು ವೆಕ್ಟರ್‌ಗಳ ಬಾಲಗಳನ್ನು, ಅಂದರೆ ಗೆರೆ ಶುರುವಾಗುವ ಕಡೆಗಳನ್ನು, ಒಂದೇ ಚುಕ್ಕೆಯಲ್ಲಿ ಇಟ್ಟು ನಡುವಿನ ಕೋನ ತೆಗೆದುಕೊಂಡರೆ ಪ್ಲಸ್. ಇದು ಸಮಾಂತರ ಚತುರ್ಭುಜ ನಿಯಮ. ಒಂದರ ತುದಿಗೆ ಇನ್ನೊಂದರ ಬಾಲ ಜೋಡಿಸಿ, ತ್ರಿಭುಜದ ಒಳಗಿನ ಕೋನ ತೆಗೆದುಕೊಂಡರೆ ಮೈನಸ್. ಆ ಎರಡು ಕೋನಗಳು ಸೇರಿ 180 ಆಗುತ್ತವೆ, ಹಾಗಾಗಿ ಅವುಗಳ ಕಾಸ್‌ಗಳ ಗುರುತು ಉಲ್ಟಾ. ಪೋಲಾರ್ ರೂಪದಲ್ಲಿ ಕೊಟ್ಟಾಗ ಎರಡು ಕೋನಗಳ ವ್ಯತ್ಯಾಸವೇ ಬಾಲಗಳ ನಡುವಿನ ಕೋನ. ಆದ್ದರಿಂದ ಪ್ಲಸ್ ಹಾಕಿ. ತೇರಿನ ಲೆಕ್ಕದಲ್ಲಿ 25 + 16 + 2 × 5 × 4 × ಕಾಸ್ 120° = 41 − 20 = 21. ಮೇಲೆ ಬಂದ ಅದೇ 21.

ಈ ಸೂತ್ರ ಉದ್ದವನ್ನು ಬೇಗ ಕೊಡುತ್ತದೆ. ದಿಕ್ಕಿಗೆ ಮತ್ತೆ ಲೆಕ್ಕ ಮಾಡಲೇಬೇಕು. ಅದಕ್ಕೇ ನನಗೆ ಭಾಗ ಬಿಡಿಸುವ ದಾರಿಯೇ ಇಷ್ಟ.

ಕೂಡೋದು ಆಯ್ತು, ಕಳೆಯೋದು ಹೇಗೆ?

ಕಳೆಯಬೇಕಾದ ವೆಕ್ಟರನ್ನು ತಿರುಗಿಸಿ ಇಟ್ಟು ಕೂಡಿ. ಕೋನಕ್ಕೆ 180 ಸೇರಿಸಿದರೆ ತಿರುಗಿತು. 4∠150° ಕಳೆಯುವುದೂ 4∠330° ಕೂಡುವುದೂ ಒಂದೇ. ಲೆಕ್ಕದ ನಡುವೆ −4∠150° ಅಂತ ಬಂದರೂ ಇದೇ ಅರ್ಥ.

ಸಿಇಟಿಗೆ ಕ್ಯಾಲ್ಕುಲೇಟರ್ ಬಿಡಲ್ಲ. ಬೇಗ ಮಾಡೋಕೆ ಏನಾದ್ರೂ ದಾರಿ ಇದೆಯಾ?

ಇದೆ. ಅಂಥ ಪರೀಕ್ಷೆಯಲ್ಲಿ ಬರುವ ಕೋನಗಳು ಸಾಮಾನ್ಯವಾಗಿ 30, 45, 60, 90, 120 ಇರುತ್ತವೆ. ಜೊತೆಗೆ 3, 4, 5 ರ ತ್ರಿಭುಜದಿಂದ ಬರುವ 37 ಮತ್ತು 53.

ಎರಡು ವೆಕ್ಟರ್‌ಗಳ ಉದ್ದ ಒಂದೇ ಆಗಿದ್ದರೆ ಒಂದು ಚೆಂದದ ಅಡ್ಡದಾರಿ ಇದೆ. ಮೊತ್ತದ ದಿಕ್ಕು ಸರಿಯಾಗಿ ನಡುವೆ ಬರುತ್ತದೆ. ಉದ್ದವು 2 × ಒಂದರ ಉದ್ದ × ಕಾಸ್(ನಡುವಿನ ಕೋನದ ಅರ್ಧ) ಆಗುತ್ತದೆ. 10∠20° ಕ್ಕೆ 10∠80° ಕೂಡಬೇಕಾದರೆ ನಡುವಿನ ಕೋನ 60, ಅರ್ಧ 30. ಉದ್ದ 20 × 0.866 = 17.3, ದಿಕ್ಕು 50. ಮುಗಿಯಿತು. ನಡುವಿನ ಕೋನ 120 ಇದ್ದರೆ ಮೊತ್ತದ ಉದ್ದ ಒಂದರ ಉದ್ದದಷ್ಟೇ ಆಗುತ್ತದೆ. ಇದನ್ನು ಮರೆಯಬೇಡಿ, ಕರೆಂಟಿನ ಲೆಕ್ಕದಲ್ಲಿ ಕೆಲಸಕ್ಕೆ ಬರುತ್ತದೆ.

ನಾಲ್ಕೈದು ವೆಕ್ಟರ್ ಇದ್ರೆ ಎರಡೆರಡಾಗಿ ಕೂಡ್ಕೊಂಡು ಹೋಗ್ಬೇಕಾ?

ಬೇಡ. ಎಲ್ಲವನ್ನೂ ಒಮ್ಮೆಗೇ ಬಿಡಿಸಿ, ಒಂದರ ಕೆಳಗೊಂದು ಬರೆದು, ಎರಡು ಕಾಲಂ ಕೂಡಿ. ಪೋಲಾರ್ ರೂಪಕ್ಕೆ ಕೊನೆಯಲ್ಲಿ ಒಂದೇ ಸಲ ಬನ್ನಿ. ಯಾವುದನ್ನು ಮೊದಲು ಬರೆದರೂ ಉತ್ತರ ಬದಲಾಗುವುದಿಲ್ಲ.

## ಗಾಳಿ ಮತ್ತು ದಿಕ್ಕು

ದಿಕ್ಸೂಚಿಯ ಕೋನ ಕೊಟ್ಟಿದ್ದಾರೆ, ಉತ್ತರದಿಂದ ಅಳೆದದ್ದು. ಅದನ್ನು ಹಾಗೇ ಹಾಕಬಹುದಾ?

ದಿಕ್ಸೂಚಿಯಲ್ಲಿ ಉತ್ತರ ಸೊನ್ನೆ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಗಡಿಯಾರದ ಮುಳ್ಳಿನ ಜೊತೆಗೇ ತಿರುಗುತ್ತದೆ. ಗಣಿತದ ಕೋನ ಬೇಕಾದರೆ 90 ರಿಂದ ದಿಕ್ಸೂಚಿ ಕೋನ ಕಳೆಯಿರಿ. ಇಲ್ಲವೇ ಬದಲಾಯಿಸದೆ, ಉತ್ತರದ ಭಾಗಕ್ಕೆ ಕಾಸ್, ಪೂರ್ವದ ಭಾಗಕ್ಕೆ ಸೈನ್ ಹಾಕಿ. ಕೋನ ಅಳೆದದ್ದು ಉತ್ತರದ ಗೆರೆಯಿಂದ ತಾನೆ? ಎರಡರಲ್ಲಿ ಯಾವುದಾದರೂ ಸರಿ, ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬೇಡಿ.

ಒಂದು ವಿಮಾನ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ 60 ಡಿಗ್ರಿ ಕಡೆ ಮೂತಿ ಮಾಡಿ ಹಾರುತ್ತಿದೆ. ಪಶ್ಚಿಮದಿಂದ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸುತ್ತಿದೆ. ವಿಮಾನದ ಪೂರ್ವ ಭಾಗ 173.2, ಉತ್ತರ ಭಾಗ 100. ಗಾಳಿ ಪೂರ್ವಕ್ಕೆ ತಳ್ಳುತ್ತದೆ, 50. ಒಟ್ಟು ಪೂರ್ವ 223.2, ಉತ್ತರ 100. ನೆಲದ ಮೇಲಿನ ವೇಗ 244.6, ದಿಕ್ಕು 65.9 ಡಿಗ್ರಿ. ಪೈಲಟ್ ತಿದ್ದದಿದ್ದರೆ ಸುಮಾರು ಆರು ಡಿಗ್ರಿ ದಾರಿ ತಪ್ಪುತ್ತದೆ.

ಇಲ್ಲಿ ಎಡವುವುದು ಗಾಳಿಯ ಹೆಸರಿನಲ್ಲಿ. ಗಾಳಿಗೆ ಹೆಸರಿಡುವುದು ಅದು ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ. ನಮ್ಮ ನೈಋತ್ಯ ಮುಂಗಾರು ನೈಋತ್ಯದಿಂದ ಬರುತ್ತದೆ, ಈಶಾನ್ಯದ ಕಡೆ ಬೀಸುತ್ತದೆ. ಹವಾಮಾನ ವರದಿಯಲ್ಲಿ ಗಾಳಿ 225 ಡಿಗ್ರಿ ಅಂತಿದ್ದರೆ ನಿಮ್ಮ ವೆಕ್ಟರ್ 45 ಡಿಗ್ರಿ ಕಡೆ ಇರಬೇಕು.

350 ಡಿಗ್ರಿ ಮತ್ತು 10 ಡಿಗ್ರಿ ಗಾಳಿಯ ಸರಾಸರಿ 180 ಬರ್ತಿದೆ. ಇದು ಹೇಗೆ ಸಾಧ್ಯ?

ಸಾಧ್ಯವಿಲ್ಲ. ಎರಡೂ ಉತ್ತರದ ಗಾಳಿ, ಸರಾಸರಿ ದಕ್ಷಿಣದ ಗಾಳಿ ಆಗುವುದು ಹೇಗೆ? 360 ಆದ ಮೇಲೆ ಮತ್ತೆ ಸೊನ್ನೆ ಬರುವ ಸಂಖ್ಯೆಗಳಿಗೆ ಮಾಮೂಲಿ ಸರಾಸರಿ ಒಗ್ಗುವುದಿಲ್ಲ.

ಒಂದೊಂದು ದಿಕ್ಕನ್ನೂ ಉದ್ದ 1 ಇರುವ ವೆಕ್ಟರ್ ಅಂತ ಮಾಡಿ ಕೂಡಿ. ಉತ್ತರ ಭಾಗ 0.985 + 0.985, ಪೂರ್ವ ಭಾಗ −0.174 + 0.174. ಪೂರ್ವ ಭಾಗ ಸೊನ್ನೆ, ಅಂದರೆ ಸರಾಸರಿ ದಿಕ್ಕು ಸರಿಯಾಗಿ ಉತ್ತರ. ವೇಗವೂ ಗೊತ್ತಿದ್ದರೆ 1 ರ ಬದಲು ವೇಗವನ್ನೇ ಉದ್ದವಾಗಿ ಇಡಬಹುದು. 90 ಮತ್ತು 270 ರ ಸರಾಸರಿ ಕೇಳಿದರೆ ಮೊತ್ತ ಸೊನ್ನೆ ಬರುತ್ತದೆ. ಆಗ ಸರಾಸರಿ ದಿಕ್ಕು ಅನ್ನುವುದೇ ಇಲ್ಲ.

## ಕರೆಂಟಿನ ಲೆಕ್ಕ

ಹೀಟರ್ 8 ಆಂಪಿಯರ್, ಮೋಟರ್ 6 ಆಂಪಿಯರ್ ತಗೊಳ್ತಿದೆ. ಮೇನ್ ವೈರಿಗೆ ಕ್ಲಾಂಪ್ ಮೀಟರ್ ಹಾಕಿದ್ರೆ 14 ಬರಲ್ಲ, 13.3 ಬರ್ತಿದೆ. ಮೀಟರ್ ಕೆಟ್ಟಿದೆಯಾ?

ಮೀಟರ್ ಚೆನ್ನಾಗಿದೆ. ಹೀಟರಿನ ಕರೆಂಟ್ ವೋಲ್ಟೇಜಿನ ಜೊತೆಗೇ ಏರಿ ಇಳಿಯುತ್ತದೆ. ಮೋಟರಿನದು ಸ್ವಲ್ಪ ಹಿಂದೆ ಬೀಳುತ್ತದೆ. ಒಂದು ಪೂರ್ತಿ ಏರಿಳಿತವನ್ನು 360 ಡಿಗ್ರಿ ಅಂತ ಇಟ್ಟುಕೊಂಡು ಇದನ್ನು ಅಳೆಯುತ್ತೇವೆ. ಪವರ್ ಫ್ಯಾಕ್ಟರ್, ಅಂದರೆ ಹಿಂದೆ ಬಿದ್ದ ಕೋನದ ಕಾಸ್, 0.8 ಆಗಿದ್ದರೆ ಹಿಂದೆ ಬಿದ್ದದ್ದು 37 ಡಿಗ್ರಿ. ಹಾಗಾಗಿ 8∠0° ಕ್ಕೆ 6∠−37° ಕೂಡಬೇಕು. ಅಡ್ಡ 8 + 4.8 = 12.8, ಲಂಬ −3.6. ಉದ್ದ 13.3, ಕೋನ −15.7°. ಎರಡೂ ಒಟ್ಟಿಗೆ ತುತ್ತತುದಿಗೆ ಏರುವುದಿಲ್ಲವಾದ್ದರಿಂದ 14 ಆಗುವುದಿಲ್ಲ.

ಒಂದು ಫೇಸಿಗೆ 230 ವೋಲ್ಟ್. ಎರಡು ಫೇಸ್ ನಡುವೆ 460 ಇರಬೇಕಲ್ವಾ? 400 ಯಾಕೆ?

ಮೂರು ಫೇಸ್‌ಗಳ ವೋಲ್ಟೇಜ್ ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿ ಏರಿ ಇಳಿಯುತ್ತದೆ: ಕೆಂಪು ಫೇಸ್ 230∠0°, ಹಳದಿ 230∠−120°, ನೀಲಿ 230∠120°. ಎರಡು ತಂತಿಗಳ ನಡುವಿನ ವೋಲ್ಟೇಜ್ ಅಂದರೆ ವ್ಯತ್ಯಾಸ. ಕೆಂಪಿನಿಂದ ಹಳದಿಯನ್ನು ಕಳೆಯಬೇಕು, ಅಂದರೆ ಹಳದಿಯನ್ನು ತಿರುಗಿಸಿ 230∠60° ಕೂಡಬೇಕು. ಉದ್ದಗಳು ಒಂದೇ ಇರುವುದರಿಂದ ಅಡ್ಡದಾರಿ ಹಿಡಿಯಬಹುದು: 2 × 230 × ಕಾಸ್ 30° = 398. ದಿಕ್ಕು 30°. ಇದನ್ನೇ 400 ಅನ್ನುತ್ತೇವೆ. ಪಂಪ್‌ಸೆಟ್ ಮೋಟರಿನ ಪಟ್ಟಿಯ ಮೇಲೆ 415 ಅಂತ ಕೆತ್ತಿರುವುದನ್ನು ನೋಡಿರುತ್ತೀರಿ. ಅದು ಫೇಸಿಗೆ 240 ಅಂತ ಇಟ್ಟ ಲೆಕ್ಕ, 240 ಕ್ಕೆ ಅದೇ 1.732 ರಿಂದ ಗುಣಿಸಿದ್ದು.

ನ್ಯೂಟ್ರಲ್ ಕಟ್ ಆದ್ರೆ ಕೆಲವು ಮನೆ ಬಲ್ಬ್ ಮಂಕಾಗುತ್ತೆ, ಕೆಲವು ಮನೆ ಟಿವಿ ಸುಟ್ಟುಹೋಗುತ್ತೆ. ಒಂದೇ ಬೀದಿಯಲ್ಲಿ ಹೀಗ್ಯಾಕೆ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಮಳೆಗಾಲದ ಸಂಜೆ ನಮ್ಮ ಬೀದಿಯ ಕಂಬದ ಮೇಲೆ ನ್ಯೂಟ್ರಲ್ ತಂತಿ ಕಿತ್ತುಬಂತು. ನಮ್ಮ ಮನೆಯ ಬಲ್ಬ್ ಬೆಲ್ಲದ ಬಣ್ಣಕ್ಕೆ ಇಳಿಯಿತು, ಫ್ಯಾನು ಎಳೆದುಕೊಂಡು ತಿರುಗಿತು. ಎದುರು ಮನೆಯಲ್ಲಿ ಬಲ್ಬ್ ಕಣ್ಣು ಕೋರೈಸುವಷ್ಟು ಬೆಳ್ಳಗೆ ಉರಿಯಿತು. ಅವರು ಮೇನ್ ಸ್ವಿಚ್ ಇಳಿಸುವ ಹೊತ್ತಿಗೆ ಟಿವಿಯಿಂದ ಹೊಗೆ ಬಂದಿತ್ತು. ಆ ರಾತ್ರಿ ಮೇಣದಬತ್ತಿ ಬೆಳಕಿನಲ್ಲಿ ಕೂತು ಲೆಕ್ಕ ಮಾಡಿದೆ. ಅದನ್ನೇ ಇಲ್ಲಿ ಇಡುತ್ತೇನೆ, ಸಂಖ್ಯೆಗಳು ಮಾತ್ರ ಸುಲಭಕ್ಕೆ ಆರಿಸಿದ್ದು.

ಕೆಂಪು ಫೇಸಿನ ಮನೆಗಳು 10 ಆಂಪಿಯರ್, ಹಳದಿಯವು 6, ನೀಲಿಯವು 4 ತೆಗೆದುಕೊಳ್ಳುತ್ತಿವೆ ಅಂದುಕೊಳ್ಳಿ. ಎಲ್ಲವೂ ಬಲ್ಬ್, ಹೀಟರಿನಂಥ ಲೋಡು. ನ್ಯೂಟ್ರಲ್ ಸರಿಯಿದ್ದಾಗ ಅದರಲ್ಲಿ ಹರಿಯುವ ಕರೆಂಟ್ ಈ ಮೂರರ ಮೊತ್ತ:

10∠0° + 6∠−120° + 4∠120°
ಅಡ್ಡ: 10 − 3 − 2 = 5
ಲಂಬ: 0 − 5.196 + 3.464 = −1.732
ಮೊತ್ತ: 5.29∠−19.1°

ಗಮನಿಸಿ, ಮೂರೂ ಸಮ ಇದ್ದಿದ್ದರೆ ಮೊತ್ತ ಸೊನ್ನೆ. ಎರಡನ್ನು ಕೂಡಿದರೆ ಮೂರನೆಯದಕ್ಕೆ ಸರಿಯಾಗಿ ಎದುರಾಗಿ ಅಷ್ಟೇ ಉದ್ದ ಬರುತ್ತದೆ, 120 ಡಿಗ್ರಿಯ ಗುಣ ಅದು. ಸಮ ಇಲ್ಲದಿದ್ದಾಗ ಉಳಿದ 5.29 ಆಂಪಿಯರ್ ವಾಪಸ್ ಹೋಗಲು ನ್ಯೂಟ್ರಲ್ ತಂತಿ ಬೇಕು.

ತಂತಿ ಕಿತ್ತುಹೋದರೆ ಈ ಕರೆಂಟಿಗೆ ದಾರಿ ಇಲ್ಲ. ಮೂರರ ಮೊತ್ತ ಸೊನ್ನೆ ಆಗುವ ತನಕ ಮನೆಗಳ ಕಡೆಯ ನ್ಯೂಟ್ರಲ್ ತಾನಿದ್ದ ಜಾಗ ಬಿಟ್ಟು ಸರಿಯುತ್ತದೆ. ಎಷ್ಟು ಸರಿಯುತ್ತದೆ? ಮೇಲಿನ ಮೊತ್ತವನ್ನು ಒಟ್ಟು 20 ರಿಂದ ಭಾಗಿಸಿ, 230 ರಿಂದ ಗುಣಿಸಿದರೆ 60.9∠−19.1° ವೋಲ್ಟ್. ಭಾಗಗಳಲ್ಲಿ ಹೇಳಿದರೆ ಅಡ್ಡ 57.5, ಲಂಬ −19.9. ಈಗ ಒಂದೊಂದು ಫೇಸಿನಿಂದಲೂ ಇದನ್ನು ಕಳೆಯಬೇಕು.

ಕೆಂಪು: ಅಡ್ಡ 172.5, ಲಂಬ 19.9, ಉದ್ದ 174 ವೋಲ್ಟ್.
ಹಳದಿ: ಅಡ್ಡ −172.5, ಲಂಬ −179.3, ಉದ್ದ 249 ವೋಲ್ಟ್.
ನೀಲಿ: ಅಡ್ಡ −172.5, ಲಂಬ 219.1, ಉದ್ದ 279 ವೋಲ್ಟ್.

ಜಾಸ್ತಿ ಲೋಡು ಇದ್ದ ಕೆಂಪು ಫೇಸಿಗೆ 174, ಕಮ್ಮಿ ಲೋಡು ಇದ್ದ ನೀಲಿಗೆ 279. ಟಿವಿ ಒಂದೇ ಓಡುತ್ತಿದ್ದ ಮನೆಯಲ್ಲೇ ಅದು ಸುಟ್ಟದ್ದು ಯಾಕೆ ಅಂತ ಆವತ್ತು ಅರ್ಥವಾಯಿತು. ಬಲ್ಬ್ ಒಮ್ಮೆಗೇ ಜಾಸ್ತಿ ಬೆಳಗಿದರೆ ಅಥವಾ ಕಾರಣವಿಲ್ಲದೆ ಮಂಕಾದರೆ ತಡ ಮಾಡದೆ ಮೇನ್ ಇಳಿಸಿ, ಲೈನ್‌ಮನ್‌ಗೆ ಹೇಳಿ. ಕಂಬಕ್ಕೆ ನೀವು ಕೈ ಹಾಕಬೇಡಿ.

ಮೂರು ಫೇಸೂ ಸಮ ಮಾಡಿದ್ದೀನಿ, ಆದ್ರೂ ಆಫೀಸಿನ ನ್ಯೂಟ್ರಲ್ ವೈರ್ ಬಿಸಿ ಆಗ್ತಿದೆ. ಮೊತ್ತ ಸೊನ್ನೆ ಅಂದ್ರಲ್ಲ?

50 ಹರ್ಟ್ಜ್ ಕರೆಂಟಿನ ಮೊತ್ತ ಸೊನ್ನೆ. ಆದರೆ ಕಂಪ್ಯೂಟರ್, ಎಲ್‌ಇಡಿ ದೀಪಗಳು ಕರೆಂಟನ್ನು ನಯವಾಗಿ ಎಳೆಯುವುದಿಲ್ಲ, ತುಂಡು ತುಂಡಾಗಿ ಎಳೆಯುತ್ತವೆ. ಅದರಿಂದ ಮೂರು ಪಟ್ಟು ಬೇಗ ಏರಿ ಇಳಿಯುವ 150 ಹರ್ಟ್ಜಿನ ಕರೆಂಟೂ ಹುಟ್ಟುತ್ತದೆ, ಅದನ್ನು ಮೂರನೇ ಹಾರ್ಮೋನಿಕ್ ಅನ್ನುತ್ತಾರೆ. ಅದಕ್ಕೆ ಕೋನವೂ ಮೂರು ಪಟ್ಟು: 120 × 3 = 360. ಅಂದರೆ ಮೂರು ಫೇಸಿನ ಹಾರ್ಮೋನಿಕ್‌ಗಳೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಒಂದೊಂದರಲ್ಲಿ 3 ಆಂಪಿಯರ್ ಇದ್ದರೆ ನ್ಯೂಟ್ರಲ್‌ನಲ್ಲಿ 9 ಆಂಪಿಯರ್.

ಇಲ್ಲಿ ಒಂದು ಎಚ್ಚರ. 50 ಹರ್ಟ್ಜಿನ ವೆಕ್ಟರನ್ನೂ 150 ಹರ್ಟ್ಜಿನ ವೆಕ್ಟರನ್ನೂ ಒಟ್ಟಿಗೆ ಕೂಡುವಂತಿಲ್ಲ. ಅವೆರಡರ ನಡುವಿನ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಒಂದೇ ತಂತಿಯಲ್ಲಿ 8 ಮತ್ತು 3 ಆಂಪಿಯರ್ ಹೀಗೆ ಬೇರೆ ಫ್ರೀಕ್ವೆನ್ಸಿಯಲ್ಲಿ ಹರಿದರೆ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ. 8.54 ಬರುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಕಾಂಪ್ಲೆಕ್ಸ್ ನಂಬರ್ ಲೆಕ್ಕದಲ್ಲೂ ಇದೇ ∠ ಬರುತ್ತೆ. ಎರಡೂ ಒಂದೇನಾ?

ಕೂಡುವುದರಲ್ಲಿ ಎರಡೂ ಒಂದೇ. ವಾಸ್ತವ ಭಾಗ ಅಡ್ಡ, ಕಾಲ್ಪನಿಕ ಭಾಗ ಲಂಬ. ಗುಣಿಸುವಾಗ ಬೇರೆಯಾಗುತ್ತವೆ. ಕಾಂಪ್ಲೆಕ್ಸ್ ಸಂಖ್ಯೆಗಳನ್ನು ಗುಣಿಸಿದರೆ ಉದ್ದಗಳ ಗುಣಲಬ್ಧ, ಕೋನಗಳ ಮೊತ್ತ ಸಿಗುತ್ತದೆ. 'ಕೋನಕ್ಕೆ ಕೋನ ಕೂಡು' ಅನ್ನುವ ತಪ್ಪು ಅಭ್ಯಾಸ ಹೆಚ್ಚಾಗಿ ಇಲ್ಲಿಂದಲೇ ಬಂದದ್ದು. ಅದು ಗುಣಾಕಾರದ ನಿಯಮ, ಸಂಕಲನಕ್ಕೆ ಅಲ್ಲ.

ಇದರ ಹಿಂದಿನ ಕಥೆ ನನಗೆ ತುಂಬಾ ಇಷ್ಟ. ಕಾಂಪ್ಲೆಕ್ಸ್ ಸಂಖ್ಯೆಯನ್ನು ದಿಕ್ಕಿರುವ ಗೆರೆಯಾಗಿ ನೋಡಿ, ತುದಿಗೆ ಬಾಲ ಜೋಡಿಸಿ ಕೂಡಬಹುದು ಅಂತ ಬರೆದವರು ಕ್ಯಾಸ್ಪರ್ ವೆಸೆಲ್. ಅವರು ಭೂಮಾಪಕರು, ಜಮೀನು ಅಳೆಯುವ ಕೆಲಸ. 1797 ರಲ್ಲಿ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿಯ ಮುಂದೆ ಪ್ರಬಂಧ ಇಟ್ಟರು, 1799 ರಲ್ಲಿ ಅಚ್ಚಾಯಿತು. ಸುಮಾರು ನೂರು ವರ್ಷ ಯಾರೂ ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. 1806 ರಲ್ಲಿ ಅರ್ಗಾಂಡ್ ಅನ್ನುವವರು ಅದೇ ವಿಚಾರವನ್ನು ಬೇರೆಯಾಗಿ ಕಂಡುಕೊಂಡರು, ಕಾಂಪ್ಲೆಕ್ಸ್ ಸಂಖ್ಯೆಯ ಚಿತ್ರಕ್ಕೆ ಅವರ ಹೆಸರೇ ಉಳಿಯಿತು. 1893 ರಲ್ಲಿ ಶಿಕಾಗೊದಲ್ಲಿ ಎಂಜಿನಿಯರ್ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಇದನ್ನು ಎಸಿ ಕರೆಂಟಿನ ಲೆಕ್ಕಕ್ಕೆ ತಂದರು. ಅಲ್ಲಿಂದ ಒಂಬತ್ತೇ ವರ್ಷಕ್ಕೆ, 1902 ರಲ್ಲಿ, ಶಿವನಸಮುದ್ರದ ಎಸಿ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು.

ಪ್ರೋಗ್ರಾಂನಲ್ಲಿ, ಎಕ್ಸೆಲ್‌ನಲ್ಲಿ ಮಾಡುವಾಗ ಏನು ನೋಡ್ಕೋಬೇಕು?

ಎರಡು ಸಂಗತಿ. ಒಂದು, ಇವು ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತವೆ, ರೇಡಿಯನ್‌ನಲ್ಲೇ ಕೊಡುತ್ತವೆ. ಎರಡು, ಮಾಮೂಲಿ ಟ್ಯಾನ್ ಇನ್‌ವರ್ಸ್ ಬದಲು 'ಎಟ್ಯಾನ್ 2' ಬಳಸಿ. ಅದು ಎರಡೂ ಭಾಗಗಳನ್ನು ಬೇರೆ ಬೇರೆ ತೆಗೆದುಕೊಳ್ಳುವುದರಿಂದ 180 ಸೇರಿಸುವ ತಲೆನೋವು ಇಲ್ಲ. ಆದರೆ ಪೈಥಾನ್‌ನಲ್ಲಿ ಮೊದಲು ಲಂಬ, ಆಮೇಲೆ ಅಡ್ಡ ಕೊಡಬೇಕು. ಎಕ್ಸೆಲ್‌ನಲ್ಲಿ ಮೊದಲು ಅಡ್ಡ, ಆಮೇಲೆ ಲಂಬ. ಒಂದರಿಂದ ಇನ್ನೊಂದಕ್ಕೆ ಸೂತ್ರ ನಕಲು ಮಾಡುವಾಗ ಇದು ಗೊತ್ತೇ ಆಗದಂತೆ ಕೆಡಿಸುತ್ತದೆ.

ಕ್ಯಾಸಿಯೊ ಎಫ್‌ಎಕ್ಸ್ 991 ಇಎಸ್ ತರದ ಕ್ಯಾಲ್ಕುಲೇಟರ್‌ನಲ್ಲಿ ಕಾಂಪ್ಲೆಕ್ಸ್ ಮೋಡಿಗೆ ಹೋಗಿ ∠ ಗುರುತಿನ ಜೊತೆಗೇ ಎರಡು ವೆಕ್ಟರ್ ಹಾಕಿ ಕೂಡಬಹುದು. ಕೈಲೆಕ್ಕ ಬಂದ ಮೇಲೆ ಇದನ್ನು ತಾಳೆ ನೋಡಲು ಬಳಸಿ.

ನಡುವೆ ಎಷ್ಟು ದಶಮಾಂಶ ಇಟ್ಕೋಬೇಕು?

ಸಾಮಾನ್ಯವಾಗಿ ನಾಲ್ಕು ಸಾಕು. ಅಪಾಯ ಇರುವುದು ಎರಡು ವೆಕ್ಟರ್‌ಗಳು ಹೆಚ್ಚುಕಮ್ಮಿ ಎದುರು ಬದುರಾಗಿ ನಿಂತಾಗ. 100∠0° + 100∠179° ತೆಗೆದುಕೊಳ್ಳಿ. ಸರಿಯಾದ ಉತ್ತರ 1.745∠89.5°. ಕಾಸ್ ಮತ್ತು ಸೈನ್‌ಗಳನ್ನು ಎರಡೇ ದಶಮಾಂಶಕ್ಕೆ ನಿಲ್ಲಿಸಿದರೆ 2∠90° ಬರುತ್ತದೆ. ನೂರರ ಲೆಕ್ಕದಲ್ಲಿ ಚಿಕ್ಕದು ಅನ್ನಿಸಿದ ತಪ್ಪು ಉತ್ತರದಲ್ಲಿ ಶೇಕಡಾ 15 ಆಗಿ ಕೂತಿತು.

ಡೈನಾಮಿಕ್ಸ್‌ನಲ್ಲಿ ಹೊರಮುಖದ ಭಾಗ, ಸುತ್ತುವ ಭಾಗ ಅಂತ ಕೊಡ್ತಾರಲ್ಲ, ಅವನ್ನು ನೇರ ಕೂಡಬಹುದಾ?

ಎರಡು ವೆಕ್ಟರ್‌ಗಳೂ ಒಂದೇ ಜಾಗದಲ್ಲಿದ್ದರೆ ಕೂಡಬಹುದು. ಒಂದು ಚುಕ್ಕೆಯಲ್ಲಿ ಹೊರಮುಖದ ದಿಕ್ಕೂ ಸುತ್ತುವ ದಿಕ್ಕೂ ಒಂದಕ್ಕೊಂದು ಲಂಬ. ಅಡ್ಡ ಲಂಬಗಳ ಹಾಗೇ ಹೊರಮುಖಕ್ಕೆ ಹೊರಮುಖ, ಸುತ್ತಿಗೆ ಸುತ್ತು ಕೂಡಿ.

ಬೇರೆ ಬೇರೆ ಜಾಗದ ವೆಕ್ಟರ್‌ಗಳಾದರೆ ಆಗುವುದಿಲ್ಲ. ಜಾತ್ರೆಯ ತಿರುಗುವ ಕುದುರೆಗಳ ಮೇಲೆ ಎದುರು ಬದುರು ಇಬ್ಬರು ಮಕ್ಕಳು ಕೂತಿದ್ದಾರೆ. ಇಬ್ಬರೂ ನಡುಗಂಬಕ್ಕೆ ಕಟ್ಟಿದ ಒಂದೊಂದು ಹಗ್ಗವನ್ನು 10 ನ್ಯೂಟನ್ ಬಲದಿಂದ ಹೊರಕ್ಕೆ ಎಳೆಯುತ್ತಾರೆ. ಇಬ್ಬರ ಲೆಕ್ಕದಲ್ಲೂ ಹೊರಮುಖ 10, ಸುತ್ತು 0. ನೇರವಾಗಿ ಕೂಡಿದರೆ 20 ಬರುತ್ತದೆ. ಆದರೆ ಒಬ್ಬನ ಹೊರಕ್ಕೆ ಅಂದರೆ ಪೂರ್ವ, ಇನ್ನೊಬ್ಬಳ ಹೊರಕ್ಕೆ ಅಂದರೆ ಪಶ್ಚಿಮ. 10∠0° ಮತ್ತು 10∠180° ಅಂತ ಬಿಡಿಸಿ ಕೂಡಿದರೆ ಸೊನ್ನೆ, ಕಂಬ ಯಾವ ಕಡೆಗೂ ವಾಲುವುದಿಲ್ಲ.